ಮಾರ್ಚ್ ತಿಂಗಳ ಹಸಿರು

ಸುರಪುರ ಪಟ್ಟಣದ ಅಕ್ಷಾಂಶ ಸುಮಾರು 16.5, ರೇಖಾಂಶ ಸುಮಾರು 76.8. ಈ ಎರಡು ಸಂಖ್ಯೆ ಅದಲುಬದಲಾದರೆ ಸುರಪುರ ಹೋಗಿ ಬೀಳೋದು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣ ತುದಿಗೆ. ಹಿಮ ಮತ್ತು ಹಿಮಕರಡಿಗಳ ಸೀಮೆ ಅದು. ಬೋನಾಳ ಕೆರೆ, ಟೇಲರ್ ಮಂಜಿಲ್, ಗುಡ್ಡದ ಮೇಲಿನ ಕೋಟೆ ಎಲ್ಲ ಕಟ್ಟಿಕೊಂಡು ಉತ್ತರ ಧ್ರುವದ ಹತ್ತಿರ ಗುಳೆ ಹೋದಂಗೆ. ತಮಾಷೆಯಲ್ಲ, 2019ರ ಮೇ ತಿಂಗಳ ನಂತರ ಜಗತ್ತಿನ ಎಷ್ಟೋ ಊರುಗಳು ಹಿಂಗೇ ಒಂದೇ ರಾತ್ರಿಗೆ ಜಾಗ ಬದಲಿಸಿದವು.

ಕಾರಣ, ಜಿಡಾಲ್ ಅನ್ನೋ ಒಂದು ಸಾಫ್ಟ್‌ವೇರ್ ಲೈಬ್ರರಿ. ಉಪಗ್ರಹ ಚಿತ್ರದ ಫೈಲುಗಳನ್ನು ತೆರೆಯೋ ಕೀಲಿಕೈ ಅಂತ ತಿಳಿದುಕೊಳ್ಳಿ. ಕೆನಡಾದ ಪ್ರೋಗ್ರಾಮರ್ ಫ್ರಾಂಕ್ ವಾರ್ಮರ್‌ಡ್ಯಾಮ್ 1998ರಲ್ಲಿ ಶುರು ಮಾಡಿದ್ದು. ಇವತ್ತು ಭೂಪಟದ ಯಾವ ತಂತ್ರಾಂಶ ಬಿಚ್ಚಿ ನೋಡಿದರೂ ಒಳಗೆ ಎಲ್ಲೋ ಒಂದು ಕಡೆ ಇದು ಕೂತಿರುತ್ತದೆ. ಇದರ ಹಳೆಯ ಆವೃತ್ತಿಗಳು ಶಾಲೆಯ ಗ್ರಾಫ್ ಹಾಳೆಯಂತೆ ಮೊದಲು ಅಡ್ಡ, ಆಮೇಲೆ ಉದ್ದ, ಅಂದರೆ ಮೊದಲು ರೇಖಾಂಶ ಕೇಳುತ್ತಿದ್ದವು. ಮೂರನೇ ಆವೃತ್ತಿ ಬಂದಾಗ ಅವರು ಅಧಿಕೃತ ವ್ಯಾಖ್ಯೆಯನ್ನು ಅಕ್ಷರಶಃ ಪಾಲಿಸೋಣ ಅಂತ ನಿರ್ಧರಿಸಿದರು. ಅಧಿಕೃತ ವ್ಯಾಖ್ಯೆಯಲ್ಲಿ ಅಕ್ಷಾಂಶ ಮೊದಲು. ಅದು ಹಡಗಿನವರ ಕಾಲದ ರೂಢಿ. ಧ್ರುವನಕ್ಷತ್ರ ಎಷ್ಟು ಎತ್ತರದಲ್ಲಿದೆ ನೋಡಿದರೆ ಅಕ್ಷಾಂಶ ಗೊತ್ತಾಗುತ್ತದೆ. ರೇಖಾಂಶ ಗೊತ್ತಾಗಬೇಕಾದರೆ ಸಮುದ್ರದ ಮೇಲೂ ಕೆಡದ ಗಡಿಯಾರ ಬೇಕು, ಅದು ಸಿಕ್ಕಿದ್ದು 18ನೇ ಶತಮಾನದಲ್ಲಿ. ಆ ನಾವಿಕರ ರೂಢಿ ಮತ್ತು ಗಣಿತದ ಮಾಸ್ತರರ ರೂಢಿ ನಡುವಿನ ಜಗಳ ಕೊನೆಗೆ ಬಂದು ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಕೆಂಪು ಸಾಲಾಗಿ ನಿಂತಿತು: ನೀನು ಕೊಟ್ಟ ಆಕೃತಿ ಈ ಚಿತ್ರದ ಮೇಲೆ ಬರುವುದೇ ಇಲ್ಲ ಅಂತ.

ಪರಿಹಾರ ಒಂದು ಸಾಲಿನದು. ನಿರ್ದೇಶಾಂಕ ಬದಲಿಸುವ ಜಾಗದಲ್ಲಿ 'ಯಾವಾಗಲೂ ಅಡ್ಡದ್ದೇ ಮೊದಲು' ಅಂತ ಸ್ಪಷ್ಟವಾಗಿ ಬರೆದರೆ ಸುರಪುರ ವಾಪಸು ಸುರಪುರಕ್ಕೆ ಬರುತ್ತದೆ. ಆದರೆ ಇಂಥ ಪ್ರತಿ ಕೆಂಪು ಸಾಲಿನ ಹಿಂದೆಯೂ ಒಂದು ಚರಿತ್ರೆ ಇದೆ, ಅದನ್ನು ಬರೆಯೋಣ ಅನ್ನಿಸಿದ್ದಕ್ಕೆ ಈ ಅಂಕಣ.

ಈ ಕೆಲಸ ನನ್ನ ತಲೆಗೆ ಕಟ್ಟಿದ್ದು ನಮ್ಮ ಕಾಕಾ. ನಮ್ಮೂರು ಕಾಲುವೆಯ ಕೊನೆಯ ಭಾಗದ ಊರು. ಅಕ್ಕಪಕ್ಕದ ನಾಲ್ಕು ಹಳ್ಳಿಯವರು ಸೇರಿ ಒಂದು ಅರ್ಜಿ ಬರೆಯುವವರಿದ್ದರು. ಕಾಲುವೆ ಬಂದಾಗಿನಿಂದ ಇಲ್ಲಿಯವರೆಗೆ ಯಾವ ಯಾವ ವರ್ಷ ಬೇಸಿಗೆ ತನಕ ನೀರು ಕೊನೆಯ ಹೊಲಕ್ಕೆ ತಲುಪಿದೆ, ಯಾವ ವರ್ಷ ಇಲ್ಲ, ಅಷ್ಟೇ. ಬೈಗುಳ ಬೇಡ, ಭಾಷಣ ಬೇಡ, ಒಂದು ಹಾಳೆಯ ಪಟ್ಟಿ ಸಾಕು ಅಂತ ಹಿರಿಯರು ತೀರ್ಮಾನ ಮಾಡಿದ್ದರು. "ತಮ್ಮಾ, ಮ್ಯಾಲಿಂದ ತಗದ ಹಳಿ ಫೋಟೋ ಎಲ್ಲಾ ಪುಕ್ಕಟ ಸಿಗ್ತಾವಂತಲ್ಲ, ನಮ್ಮ ಹೊಲ ಯಾವ ವರ್ಷ ಹಸರ ಇತ್ತು, ಯಾವ ವರ್ಷ ಇರಲಿಲ್ಲ ತಗದು ಕೊಡು" ಅಂದ ಕಾಕಾ. ಪುಕ್ಕಟೆ ಸಿಗೋದು ನಿಜ. ಅಮೆರಿಕದ ಲ್ಯಾಂಡ್‌ಸ್ಯಾಟ್ ಸಂಗ್ರಹ 2008ರಿಂದ ಎಲ್ಲರಿಗೂ ಮುಕ್ತವಾಗಿದೆ. ಯುರೋಪಿನ ಸೆಂಟಿನೆಲ್ ಚಿತ್ರಗಳಂತೂ ಮೊದಲಿನಿಂದಲೇ ಮುಕ್ತ.

ಉಪಾಯವೂ ಸರಳ. ನಮ್ಮದು ಎರೆ ಭೂಮಿ. ಮಳೆಯ ಬೆಳೆ ತೊಗರಿ ಡಿಸೆಂಬರ್, ಜನವರಿಗೆಲ್ಲ ಕಟಾವಾಗಿ ರಾಶಿಯಾಗುತ್ತದೆ. ಹಿಂಗಾರಿ ಬಿಳಿಜೋಳ ಫೆಬ್ರುವರಿ ಹೊತ್ತಿಗೆ ಒಣಗಿ ನಿಂತಿರುತ್ತದೆ. ಮಾರ್ಚ್ ಕೊನೆಯಲ್ಲಿ ನಮ್ಮ ಸೀಮೆ ಕಪ್ಪು ಕಂಬಳಿ ಹಾಸಿದಂಗೆ ಕಾಣಬೇಕು. ಆಗಲೂ ಒಂದು ಹೊಲ ಹಸಿರಿದೆ ಅಂದರೆ ಅಲ್ಲಿ ಬೋರೋ ಬಾವಿಯೋ ಇರಬೇಕು, ಇಲ್ಲಾಂದ್ರೆ ಕಾಲುವೆಯ ನೀರು ಬಂದಿರಬೇಕು. ಬೋರು ಎಲ್ಲೆಲ್ಲಿದೆ ಅಂತ ಊರವರಿಗೆ ಗೊತ್ತು. ಮುಂಗಾರಿನ ತಿಂಗಳುಗಳಲ್ಲಿ ಮೋಡ ಅಡ್ಡ ಬಂದು ಚಿತ್ರವೇ ಸಿಗದು, ಮಾರ್ಚಿನ ಆಕಾಶ ಮಾತ್ರ ತೊಳೆದಿಟ್ಟಂಗಿರುತ್ತದೆ. ಹಂಗಾಗಿ ಪ್ರತಿ ವರ್ಷದ ಮಾರ್ಚ್ ತಿಂಗಳ ಚಿತ್ರ ತೆಗೆದು, ಹಸಿರಿನ ಸೂಚ್ಯಂಕ ಲೆಕ್ಕ ಹಾಕಿ, ಸಾಲಾಗಿ ಜೋಡಿಸಿದರೆ ಮುಗೀತು. ಸ್ಕ್ರಿಪ್ಟ್ ಬರೆಯೋಕೆ ಒಂದು ಭಾನುವಾರ ಸಾಕು ಅಂದುಕೊಳ್ಳಬಹುದು. ಭಾನುವಾರಗಳು ಬಹಳ ಹೋದವು.

ಮೊದಲ ಎರರ್ ಬಂದಿದ್ದು ಹೆಸರಿನಿಂದ. ಜಿಲ್ಲೆಯ ಗಡಿಯ ಫೈಲಿನಲ್ಲಿ 'ಯಾದಗಿರಿ' ಹುಡುಕಿದರೆ ಅಂಥ ಹೆಸರೇ ಇಲ್ಲ ಅಂತ ಪೈಥಾನ್ ಕೈ ಎತ್ತಿತು. ಆ ಫೈಲು 2001ರ ಜನಗಣತಿಯದ್ದು. ಯಾದಗಿರಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾಗಿದ್ದು 2009-10ರಲ್ಲಿ, ಜನಗಣತಿಯಲ್ಲಿ ಅದು ಜಿಲ್ಲೆಯಾಗಿ ಕಂಡಿದ್ದು 2011ರಲ್ಲಿ. ಸರಿ, 2011ರ ಫೈಲು ತಂದರೆ ಅಲ್ಲಿ ಹುಣಸಗಿ, ವಡಗೇರಾ, ಗುರುಮಠಕಲ್ ತಾಲ್ಲೂಕುಗಳಿಲ್ಲ. ಅವು ಇನ್ನೂ ಆಮೇಲಿನವು. 'ಗುಲ್ಬರ್ಗ' ಅಂತ ಹುಡುಕಿದರೆ ಒಂದು ಫೈಲಿನಲ್ಲಿ ಸಿಗುತ್ತದೆ, 'ಕಲಬುರಗಿ' ಅಂದರೆ ಇನ್ನೊಂದರಲ್ಲಿ, ಯಾಕಂದರೆ ಹೆಸರು ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಶಹಾಪುರದ ಕಥೆ ಬೇರೆ. ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲೂ ಒಂದು ಶಹಾಪುರ ಇದೆ. ಬರೀ ಹೆಸರು ಹಿಡಿದು ಎರಡು ಕೋಷ್ಟಕ ಜೋಡಿಸಿದರೆ ನಮ್ಮ ಶಹಾಪುರದ ಹೊಲಕ್ಕೆ ಠಾಣೆಯ ಮಳೆ ಬರುತ್ತದೆ. ಬಂದರೆ ಒಳ್ಳೆಯದೇ, ಆದರೆ ಅದು ಲೆಕ್ಕದಲ್ಲಿ ಮಾತ್ರ.

ಸುರಪುರದ ಹೆಸರಂತೂ ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದು ಕಡೆ ಒಂದೊಂದು ಥರ. ಶೋರಾಪುರ ಅನ್ನೋ ಬ್ರಿಟಿಷರ ಕಾಗುಣಿತ ಇನ್ನೂ ಸರ್ಕಾರಿ ದಾಖಲೆಗಳಲ್ಲಿ ಉಸಿರಾಡುತ್ತಿದೆ. ಅದು ಕಂಪನಿ ಕಾಲದ ಪಳೆಯುಳಿಕೆ. ಬೇಡರ ನಾಯಕರ ಈ ಸಂಸ್ಥಾನಕ್ಕೆ 1840ರ ದಶಕದಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿ ಬಂದ ಮೆಡೋಸ್ ಟೇಲರ್, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡ. 1858ರಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು, ಸೋತು, ಸೆರೆಯಲ್ಲೇ ಪ್ರಾಣ ಬಿಟ್ಟ. ಸಂಸ್ಥಾನ ಕಂಪನಿಯ ಕೈಗೆ ಹೋಯಿತು, 1860ರಲ್ಲಿ ಅದನ್ನು ನಿಜಾಮರಿಗೆ ಉಡುಗೊರೆಯಾಗಿ ಕೊಟ್ಟರು. ಅಲ್ಲಿಂದ ಹೈದರಾಬಾದ್ ರಾಜ್ಯದ ಗುಲ್ಬರ್ಗ, 1956ಕ್ಕೆ ಮೈಸೂರು ರಾಜ್ಯ, ಕೊನೆಗೆ ಯಾದಗಿರಿ. ಯಾರ ಕೈ ಬದಲಾದರೂ ಸುರಪುರದವರು ತಮ್ಮೂರನ್ನು ಸುರಪುರ ಅಂತಲೇ ಕರೆದರು. ಬದಲಾಗಿದ್ದು ಕಾಗದ. ಸ್ಕ್ರಿಪ್ಟು ಓದೋದು ಕಾಗದವನ್ನೇ. ಆದ್ದರಿಂದ ಹೆಸರಿನ ಗೊಡವೆಯೇ ಬೇಡ ಅಂತ, ಊರವರ ಜೊತೆ ಹೊಲದ ಬದುಗುಂಟ ಫೋನು ಹಿಡಿದು ನಡೆದು ಗಡಿಯ ಬಿಂದುಗಳನ್ನು ನಾವೇ ಗುರುತು ಮಾಡಿಕೊಂಡೆವು. ಹೆಸರು ತಪ್ಪಬಹುದು, ಬದು ತಪ್ಪದು.

ಬದು ಗುರುತು ಮಾಡಿದ ಮೇಲೆ ಅದನ್ನು ಸರ್ವೆ ಆಫ್ ಇಂಡಿಯಾದ ಹಳೆಯ ನಕಾಶೆಯ ಮೇಲೆ ಇಟ್ಟು ನೋಡಿದರೆ ನೂರು ಮೀಟರಿಗೂ ಮೀರಿ ಸರಿದಿತ್ತು. ಹಳ್ಳ ಹಳ್ಳದಲ್ಲಿಲ್ಲ, ದಾರಿ ದಾರಿಯಲ್ಲಿಲ್ಲ. ಇಲ್ಲಿ ಕಂಪ್ಯೂಟರಿನದ್ದೇನೂ ತಕರಾರಿಲ್ಲ, ಎರರ್ ಮೆಸೇಜೂ ಇಲ್ಲ. ಇದರ ಬೇರು 1802ಕ್ಕೆ ಹೋಗುತ್ತದೆ. ಆ ವರ್ಷ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಸರಪಳಿ ಹಾಸಿ ಒಂದು ಆಧಾರರೇಖೆ ಅಳೆದು ಮಹಾ ತ್ರಿಕೋನಮಿತಿ ಸರ್ವೆ ಶುರು ಮಾಡಿದ. ಒಂದು ಗೆರೆ ಅಳೆದರೆ ಸಾಕು, ಅಲ್ಲಿಂದ ಗುಡ್ಡದಿಂದ ಗುಡ್ಡಕ್ಕೆ ಕೋನ ನೋಡುತ್ತಾ ತ್ರಿಕೋನಗಳ ಸರಣಿ ಕಟ್ಟಿಕೊಂಡು ಹೋಗಬಹುದು. ಈ ಸರಣಿ 78ನೇ ರೇಖಾಂಶದ ಆಸುಪಾಸಿನಲ್ಲಿ, ಅಂದರೆ ಯಾದಗಿರಿಗೆ ಪೂರ್ವದಲ್ಲಿ, ಉತ್ತರಕ್ಕೆ ಏರಿತು. 1815ರಲ್ಲಿ ಬೀದರ್ ಸೀಮೆಯಲ್ಲಿ ಇನ್ನೊಂದು ಆಧಾರರೇಖೆ ಅಳೆದು ತಾಳೆ ನೋಡಿದರು. ಲ್ಯಾಂಬ್ಟನ್ ಕೆಲಸದ ದಾರಿಯಲ್ಲೇ, 1823ರಲ್ಲಿ ಹಿಂಗಣಘಾಟ್‌ನಲ್ಲಿ ತೀರಿಕೊಂಡ. ಕೃಷ್ಣಾ ಗೋದಾವರಿ ನಡುವಿನ ಕಾಡಿನಲ್ಲಿ ಜ್ವರ ಬಂದು ಸಾಯುವ ಸ್ಥಿತಿಗೆ ಹೋಗಿದ್ದ ಜಾರ್ಜ್ ಎವರೆಸ್ಟ್ ಕೆಲಸ ಮುಂದುವರಿಸಿದ. ಭೂಮಿ ಎಷ್ಟು ಚಪ್ಪಟೆ, ಎಷ್ಟು ಉಬ್ಬು ಅಂತ 1830ರಲ್ಲಿ ಆತ ಲೆಕ್ಕ ಕಟ್ಟಿದ. ಮಧ್ಯಪ್ರದೇಶದ ಕಲ್ಯಾಣಪುರವನ್ನು ನಾಭಿ ಮಾಡಿಕೊಂಡು, ಆ ಲೆಕ್ಕದ ಮೇಲೆಯೇ ನಮ್ಮ ದೇಶದ ನಕಾಶೆಗಳು ಒಂದೂಮುಕ್ಕಾಲು ಶತಮಾನ ನಡೆದವು. ಎವರೆಸ್ಟನ ಭೂಮಿ ಭಾರತಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ಉಪಗ್ರಹ ಇಡೀ ಜಗತ್ತಿಗೆ ಒಂದೇ ಅಂಗಿ ತೊಡಿಸುತ್ತದೆ. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿ, ಒಂದರ ಮೇಲೊಂದು ಇಟ್ಟಾಗ ಮಾತ್ರ ನೂರು ಮೀಟರು ಹೆಚ್ಚುಕಡಿಮೆ. 2005ರ ರಾಷ್ಟ್ರೀಯ ನಕಾಶೆ ನೀತಿಯ ನಂತರ ಬಂದ ಮುಕ್ತ ಸರಣಿಯ ಹಾಳೆಗಳು ಜಾಗತಿಕ ಅಳತೆಯವು. ಕೈಯಲ್ಲಿರೋ ಹಾಳೆ ಯಾವ ಕಾಲದ್ದು ಅಂತ ಮೂಲೆಯ ಸಣ್ಣ ಅಕ್ಷರ ಓದಿ ಸ್ಕ್ರಿಪ್ಟಿಗೆ ಹೇಳಿದರೆ ಹಳ್ಳ ತನ್ನ ಪಾತ್ರಕ್ಕೆ ಮರಳುತ್ತದೆ.

ಅಳತೆಯ ಮಾತು ಬಂದಾಗ ಕಾಕಾನಿಗೆ ಪಿಕ್ಸೆಲ್ ಅಂದರೇನು ಅಂತ ವಿವರಿಸೋದು ಪಜೀತಿ ಅಂದುಕೊಂಡಿದ್ದೆ. ಸುಲಭವಾಯಿತು. ಸೆಂಟಿನೆಲ್ ಚಿತ್ರದ ಒಂದು ಚೌಕ 10 ಮೀಟರ್ ಅಗಲ, 10 ಮೀಟರ್ ಉದ್ದ. ಅದು ಸರಿಸುಮಾರು ಒಂದು ಗುಂಟೆ! ಲ್ಯಾಂಡ್‌ಸ್ಯಾಟಿನ ಚೌಕ 30 ಮೀಟರಿನದು, ಅಂದರೆ 9 ಗುಂಟೆ. 1970ರ ದಶಕದ ಮೊದಲ ಉಪಗ್ರಹಗಳ ಚೌಕ ಎಕರೆಗೂ ಸ್ವಲ್ಪ ಮೇಲೆ. "ಹಂಗಾದ್ರ ನನ್ನ ನಾಕ ಎಕರೆ ಅದರಾಗ ಬರೇ ನಾಕ ಚುಕ್ಕಿ" ಅಂದ ಕಾಕಾ. ಲ್ಯಾಂಡ್‌ಸ್ಯಾಟಿನಲ್ಲಿ ಅದು 18 ಚೌಕ, ಅದರಲ್ಲೂ ಬದುವಿನ ಮೇಲಿನವು ಪಕ್ಕದ ಹೊಲದ ಜೊತೆ ಕಲಸಿಕೊಂಡಿರುತ್ತವೆ. ವಿಭೂತಿಹಳ್ಳಿಯ ಸಾಲುಗಲ್ಲುಗಳು, ಟೇಲರ್ ಬರೆದಿಟ್ಟ, ಆಮೇಲೆ 1956ರಲ್ಲಿ ಆಲ್ಚಿನ್ ಲೇಖನ ಬರೆದ ಆ ಪ್ರಾಚೀನ ಬಂಡೆಗಳ ಹಾಸು, ಈ ಯಾವ ಉಪಗ್ರಹದ ಕಣ್ಣಿಗೂ ಒಂದೊಂದಾಗಿ ಕಾಣುವುದಿಲ್ಲ. ಹುಣಸಗಿ ಸೀಮೆಯಲ್ಲಿ ಕೆ. ಪದ್ದಯ್ಯ ಆದಿಮಾನವರ ಕಲ್ಲಿನ ಆಯುಧ ಹುಡುಕಿದ್ದು ವರ್ಷಗಟ್ಟಲೆ ಹೊಲ ಹೊಲ ತಿರುಗಿ. ಮೇಲಿನ ಕಣ್ಣಿಗೂ ಮಿತಿ ಇದೆ ಅಂತ ಊರವರಿಗೆ ಮೊದಲೇ ಹೇಳಿಬಿಟ್ಟೆ.

ಈಗ ಹಸಿರಿನ ಲೆಕ್ಕಕ್ಕೆ ಬರೋಣ. ಗಿಡದ ಎಲೆ ಕೆಂಪು ಬೆಳಕನ್ನು ನುಂಗುತ್ತದೆ, ನಮ್ಮ ಕಣ್ಣಿಗೆ ಕಾಣದ ಅವಗೆಂಪನ್ನು ವಾಪಸು ಎಸೆಯುತ್ತದೆ. ಅವಗೆಂಪಿನಿಂದ ಕೆಂಪು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಬರುವುದೇ ಹಸಿರಿನ ಸೂಚ್ಯಂಕ. ಅದು ಮೈನಸ್ ಒಂದರಿಂದ ಪ್ಲಸ್ ಒಂದರ ಒಳಗೇ ಇರಬೇಕು. ಇದನ್ನು ಬಳಕೆಗೆ ತಂದವರಿಗೆ ನೆರವಾಗಿದ್ದು 1972ರ ಜುಲೈ 23ರಂದು ಹಾರಿದ ಮೊದಲ ಲ್ಯಾಂಡ್‌ಸ್ಯಾಟ್. ಅದರ ಬಹುವರ್ಣ ಸ್ಕ್ಯಾನರ್ ರೂಪಿಸಿದವರು ವರ್ಜೀನಿಯಾ ನಾರ್‌ವುಡ್ ಅನ್ನೋ ಹೆಣ್ಣುಮಗಳು. ಆ ಉಪಗ್ರಹ ಮೇಲೇರಿದ ವರ್ಷವೇ ನಮ್ಮ ಕಡೆ ಎಪ್ಪತ್ತೆರಡರ ಬರ. ಕಾಕಾ ಇವತ್ತಿಗೂ ಆ ಬರದ ಕಾಮಗಾರಿಯಲ್ಲಿ ಕಲ್ಲು ಹೊತ್ತಿದ್ದು, ಅಮೆರಿಕದ ಕೆಂಪು ಜೋಳದ ರೊಟ್ಟಿ ತಿಂದಿದ್ದು ಹೇಳುತ್ತಾನೆ. ಜೋಳ ಬಂದ ದೇಶದಿಂದಲೇ ಮೇಲೊಂದು ಕಣ್ಣೂ ಹಾರಿತ್ತು ಅಂತ ಆಗ ಯಾರಿಗೆ ಗೊತ್ತು.

ಇದಕ್ಕೆ ಒಬ್ಬರು ಬರೆದಿಟ್ಟಿದ್ದ, ಎಲ್ಲರೂ ನಕಲು ಮಾಡಿಕೊಳ್ಳುವ ಸ್ಕ್ರಿಪ್ಟೊಂದು ನನ್ನ ಕೈಗೆ ಬಂದಿತ್ತು. ಅದನ್ನು ನಾರಾಯಣಪುರದ ಬಸವಸಾಗರದ ಮೇಲೆ ಓಡಿಸಿದರೆ ಜಲಾಶಯದ ನೀರು ಅಮೆಜಾನ್ ಕಾಡಿಗಿಂತ ಹಸಿರು! ಸೂಚ್ಯಂಕ 50 ಅಂತ ತೋರಿಸುತ್ತಿತ್ತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಸ್ಕ್ರಿಪ್ಟು ನಗುನಗುತ್ತಾ ಮುಗಿದಿತ್ತು. ಇಂಥವು ಕೆಂಪು ಸಾಲಿಗಿಂತ ಅಪಾಯ.

ನಡೆದದ್ದು ಇಷ್ಟು. ನೀರು ಅವಗೆಂಪನ್ನು ನುಂಗಿಬಿಡುತ್ತದೆ, ಹಾಗಾಗಿ ನೀರಿನ ಮೇಲೆ ಕೆಂಪೇ ಹೆಚ್ಚು. ಅವಗೆಂಪು 400, ಕೆಂಪು 900 ಅಂತಿಟ್ಟುಕೊಳ್ಳಿ. ಕಳೆದರೆ ಮೈನಸ್ 500 ಬರಬೇಕು. ಆದರೆ ಚಿತ್ರದ ಫೈಲಿನಲ್ಲಿ ಸಂಖ್ಯೆಗಳು ಇರೋದು 16 ಬಿಟ್ಟಿನ, ಮೈನಸ್ ಗೊತ್ತಿಲ್ಲದ ಡಬ್ಬಿಯಲ್ಲಿ. ಸೊನ್ನೆಯಿಂದ 65535ರ ತನಕ ಮಾತ್ರ ಅದಕ್ಕೆ ಎಣಿಸಲು ಬರುತ್ತದೆ. ಸೊನ್ನೆಗಿಂತ ಕೆಳಗೆ ಹೋದರೆ ಹಳೆಯ ಸ್ಕೂಟರಿನ ಮೀಟರ್ ಹಿಂದಕ್ಕೆ ತಿರುಗಿಸಿದಂಗೆ ಮೇಲಿನ ತುದಿಗೆ ಜಿಗಿಯುತ್ತದೆ. ಮೈನಸ್ 500ರ ಬದಲು 65036. ಅದನ್ನು 1300ರಿಂದ ಭಾಗಿಸಿದರೆ 50. ಕಳೆಯೋ ಮುಂಚೆ ಸಂಖ್ಯೆಗಳನ್ನು ದಶಾಂಶದ ಮಾದರಿಗೆ ಬದಲಿಸಿಕೊಂಡರೆ ಸಮಸ್ಯೆ ಮುಗಿಯಿತು. ಮೈನಸ್ ಗೊತ್ತಿಲ್ಲದ ಡಬ್ಬಿ ಯಾಕೆ ಅಂತೀರಾ? ಬೆಳಕು ಸೊನ್ನೆಗಿಂತ ಕಡಿಮೆ ಇರಲ್ಲ ಅನ್ನೋ ನಂಬಿಕೆ, ಜೊತೆಗೆ ಜಿಪುಣತನ. ಮೊದಲ ಲ್ಯಾಂಡ್‌ಸ್ಯಾಟ್ ಬೆಳಕನ್ನು ಅಳೆಯುತ್ತಿದ್ದದ್ದು 6 ಬಿಟ್‌ನಲ್ಲಿ, ಅಂದರೆ ಬರೀ 64 ಮೆಟ್ಟಿಲು. ಒಂದೊಂದು ಬಿಟ್ಟೂ ಆಕಾಶದಿಂದ ಇಳಿಸಿ ಟೇಪಿನಲ್ಲಿ ತುಂಬಬೇಕಾದ ಕಾಲ ಅದು. ಮೈನಸ್ ಚಿಹ್ನೆಗೆ ಒಂದು ಬಿಟ್ ದಾನ ಮಾಡುವಷ್ಟು ಸಿರಿತನ ಯಾರಿಗಿತ್ತು.

ಇದೇ ಮೈನಸ್ಸಿನ ತಕರಾರು ಐವತ್ತು ವರ್ಷದ ನಂತರ ಇನ್ನೊಂದು ವೇಷದಲ್ಲಿ ಬಂತು, ಅರ್ಜಿಯನ್ನು ಇನ್ನೇನು ಮುಳುಗಿಸುತ್ತಿದ್ದದ್ದು ಅದೇ. ಸೆಂಟಿನೆಲ್ ಚಿತ್ರಗಳ ಪಟ್ಟಿ ತಯಾರಾದಾಗ ಗ್ರಾಫಿನಲ್ಲಿ 2022ರಿಂದ ಈಚೆಗೆ ಕೊನೆಯ ಭಾಗದ ಹೊಲಗಳೆಲ್ಲ ಸಟ್ಟನೆ ಬಾಡಿದ್ದವು. ಊರ ಹುಡುಗರಿಗೆ ಖುಷಿ. "ನೋಡ್ರಿ, ಇಪ್ಪತ್ತೆರಡರಿಂದ ನೀರು ಬಂದೇ ಇಲ್ಲ, ಇದನ್ನೇ ಮೇಲೆ ಹಾಕೋಣ" ಅಂದರು. ಕಾಕಾ ಕನ್ನಡಕ ಸರಿಮಾಡಿಕೊಂಡು ಗ್ರಾಫು ನೋಡಿ, "ಇಪ್ಪತ್ತೆರಡರಾಗ ಮಳಿ ಚಲೋ ಆಗಿತ್ತಲ್ಲೋ, ನಾ ಶೇಂಗಾ ಹಾಕಿದ್ದೆ, ಬಂದಿತ್ತು" ಅಂದ. ಅನುಮಾನ ಬಂದು ಕಾಲುವೆಯ ಮೇಲ್ಭಾಗದ ಭತ್ತದ ಗದ್ದೆ, ಹಳ್ಳದ ದಂಡೆಯ ಬೇವಿನ ತೋಪು ಎಲ್ಲದರ ಗ್ರಾಫು ತೆಗೆದರೆ ಅವೂ ಅದೇ ಹೊತ್ತಿಗೆ ಬಾಡಿದ್ದವು. ನೀರು ನಿಂತರೆ ಶೇಂಗಾ ಬಾಡಬಹುದು, ಎಪ್ಪತ್ತು ವರ್ಷದ ಬೇವು ಬಾಡುತ್ತದೆಯೇ?

2022ರ ಜನವರಿ 25ರಿಂದ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಸೆಂಟಿನೆಲ್ ಚಿತ್ರಗಳ ಸಂಸ್ಕರಣೆ ಬದಲಿಸಿತ್ತು. ವಾತಾವರಣದ ಮಬ್ಬು ಕಳೆದಾಗ ನೀರಿನಂಥ ಕಪ್ಪು ಜಾಗಗಳ ಮೌಲ್ಯ ಒಮ್ಮೊಮ್ಮೆ ಸೊನ್ನೆಗಿಂತ ಕೆಳಗೆ ಹೋಗುತ್ತಿತ್ತು. ಡಬ್ಬಿಗೆ ಮೈನಸ್ ಬರದು, ಆ ಮಾಹಿತಿ ನಷ್ಟವಾಗುತ್ತಿತ್ತು. ಅದಕ್ಕೆ ಅವರು ಎಲ್ಲ ಚೌಕಕ್ಕೂ 1000 ಕೂಡಿಸಿ ಕಳಿಸತೊಡಗಿದರು, ಬಳಸುವವರು 1000 ಕಳೆದುಕೊಳ್ಳಲಿ ಅಂತ. ಒಳ್ಳೆಯ ಉಪಾಯವೇ. ಕಳೆದುಕೊಳ್ಳದಿದ್ದರೆ ಏನಾಗುತ್ತದೆ ನೋಡಿ. ಅವಗೆಂಪು 4000, ಕೆಂಪು 1000 ಇರುವ ಚೆಂದದ ಬೆಳೆಯ ಸೂಚ್ಯಂಕ 3000 ಭಾಗಿಸು 5000, ಅಂದರೆ 0.6. ಎರಡಕ್ಕೂ ಸಾವಿರ ಕೂಡಿದಾಗ ಮೇಲಿನ ವ್ಯತ್ಯಾಸ ಅದೇ 3000, ಕೆಳಗಿನ ಮೊತ್ತ ಮಾತ್ರ 7000. ಸೂಚ್ಯಂಕ 0.43ಕ್ಕೆ ಇಳಿಯಿತು. ಒಂದು ಎಲೆಯೂ ಉದುರದೆ ಹೊಲ ಒಣಗಿತು.

ದಿನಾಂಕ ನೋಡಿ ಸಾವಿರ ಕಳೆದರೆ ಸಾಕೇ? ಸಾಲದು. ಆಮೇಲೆ ಹಳೆಯ ಚಿತ್ರಗಳನ್ನೂ ಹೊಸ ವಿಧಾನದಲ್ಲಿ ಮರುಸಂಸ್ಕರಿಸಿದ್ದಾರೆ, 2018ರ ಚಿತ್ರಕ್ಕೂ ಸಾವಿರ ಸೇರಿರಬಹುದು. ಫೈಲಿನ ಜೊತೆ ಬರುವ ವಿವರಪತ್ರ ಓದಿ, ಅದರಲ್ಲಿ ಹೇಳಿದ್ದನ್ನೇ ಕಳೆಯಬೇಕು. ಲ್ಯಾಂಡ್‌ಸ್ಯಾಟಿನದೂ ಇದೇ ಜಾತಿ. ಅದರ ಎರಡನೇ ಸಂಗ್ರಹದಲ್ಲಿ ಪ್ರತಿ ಮೌಲ್ಯವನ್ನು 0.0000275ರಿಂದ ಗುಣಿಸಿ 0.2 ಕಳೆಯಬೇಕು.

ಆ ಗ್ರಾಫು ಹಂಗೇ ಅರ್ಜಿಯ ಜೊತೆ ಹೋಗಿದ್ದರೆ? ಎದುರು ಕೂತ ಯಾರಾದರೂ ತಿಳಿದವರು ಎರಡೇ ನಿಮಿಷದಲ್ಲಿ ಅದನ್ನು ಹರಿದು ಹಾಕುತ್ತಿದ್ದರು. ಅದರ ಜೊತೆಗೆ ಉಳಿದ ನಿಜವಾದ ವರ್ಷಗಳೂ ಕಸದ ಬುಟ್ಟಿಗೆ. ಇದು ಒಂದು ಊರಿನ ಮಾತಾಯಿತು. ದೇಶದ ಬೆಳೆ ವಿಮೆಯಲ್ಲಿ 2023ರ ಮುಂಗಾರಿನಿಂದ ಭತ್ತ, ಗೋಧಿಯ ಇಳುವರಿ ನಿರ್ಧರಿಸುವಾಗ ಉಪಗ್ರಹದಂಥ ತಂತ್ರಜ್ಞಾನದ ಅಂದಾಜಿಗೂ ಪಾಲು ಕೊಡುವ ಪದ್ಧತಿ ಬಂದಿದೆ. ನನಗೆ ಆ ಪದ್ಧತಿಯ ಬಗ್ಗೆ ವಿರೋಧವೇನೂ ಇಲ್ಲ. ಹೊಲಕ್ಕೆ ಬರದೆ ಚಾವಡಿಯಲ್ಲಿ ಕೂತು ಬರೆಯೋದಕ್ಕಿಂತ ಮೇಲಿಂದ ನೋಡಿ ಬರೆಯೋದು ವಾಸಿ. ಆದರೆ ಆ ಲೆಕ್ಕದ ಸ್ಕ್ರಿಪ್ಟನ್ನು ರೈತರ ಪರವಾಗಿ ಓದಬಲ್ಲ ಒಬ್ಬರಾದರೂ ತಾಲ್ಲೂಕಿಗೆ ಬೇಕು. ನಮ್ಮ ಕಡೆಯಿಂದ ಬೆಂಗಳೂರಿಗೆ ಬಸ್ಸು ಹತ್ತಿದ ಇಂಜಿನಿಯರುಗಳು ಸಾವಿರಗಟ್ಟಲೆ ಇದ್ದೀವಿ, ಅಮೆರಿಕದ ಅಂಗಡಿಗಳ ಬಿಲ್ಲಿನ ತಪ್ಪು ಹುಡುಕುತ್ತಾ.

ಲ್ಯಾಂಡ್‌ಸ್ಯಾಟ್ 7ರ ಪಟ್ಟೆಗಳದ್ದು ಬೇಗ ಹೇಳಿ ಮುಗಿಸುತ್ತೇನೆ. 2003ರ ಮೇ 31ರಂದು ಆ ಉಪಗ್ರಹದೊಳಗಿನ ಒಂದು ಸಣ್ಣ ಕನ್ನಡಿ ವ್ಯವಸ್ಥೆ ಕೆಟ್ಟಿತು. ಉಪಗ್ರಹದ ಮುನ್ನಡೆಗೆ ತಕ್ಕಂತೆ ಸ್ಕ್ಯಾನರಿನ ಗೆರೆಗಳನ್ನು ನೇರ ಮಾಡುತ್ತಿದ್ದದ್ದು ಅದು. ಅಂದಿನಿಂದ ಪ್ರತಿ ಚಿತ್ರದಲ್ಲೂ ಸುಮಾರು 22 ಶೇಕಡಾ ಜಾಗ ಖಾಲಿ ಪಟ್ಟೆ. ನಡುವೆ ಚೆನ್ನಾಗಿರುತ್ತದೆ, ಅಂಚಿಗೆ ಹೋದಂಗೆ ಪಟ್ಟೆ ಅಗಲ. ಕಾಕಾ ನೋಡಿ "ಕುಂಟಿ ಹೊಡದಂಗ ಅದ" ಅಂದ. ಸರಾಸರಿ ತೆಗೆಯುವ ಸಾಮಾನ್ಯ ಸೂತ್ರಕ್ಕೆ ಒಂದು ಖಾಲಿ ಚೌಕ ಸಿಕ್ಕರೂ ಇಡೀ ಹೊಲದ ಉತ್ತರ ಖಾಲಿಯಾಗುತ್ತದೆ, ಖಾಲಿ ಬಿಟ್ಟು ಸರಾಸರಿ ತೆಗೆ ಅಂತ ಹೇಳಬೇಕು. ಆ ವರ್ಷಗಳಿಗೆ ಲ್ಯಾಂಡ್‌ಸ್ಯಾಟ್ 5 ಕೈಹಿಡಿಯಿತು. 1984ರಲ್ಲಿ ಹಾರಿದ ಆ ಮುದುಕ 2013ರ ತನಕ ದುಡಿದ.

ಕಷ್ಟ ಇದ್ದದ್ದು ಶುರುವಿನ ವರ್ಷಗಳದ್ದು. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದ್ದು 1964ರ ಮೇ 22ಕ್ಕೆ. ಕೃಷ್ಣಾ ನೀರಿನ ಹಂಚಿಕೆಯ ಬಚಾವತ್ ತೀರ್ಪು ಬಂದಿದ್ದು 1973ರಲ್ಲಿ. ನಾರಾಯಣಪುರದ ಅಣೆಕಟ್ಟು ಮುಗಿದಿದ್ದು 1982ರಲ್ಲಿ. ಅಲ್ಲಿಂದ ಎಡದಂಡೆ ಕಾಲುವೆ, ಆಮೇಲೆ ಶಹಾಪುರ, ಮುಡಬೂಳ ಶಾಖಾ ಕಾಲುವೆಗಳು, ವಿತರಣಾ ಕಾಲುವೆ, ಹೊಲಗಾಲುವೆ. ಅಡಿಗಲ್ಲು ನೋಡಿದ ತಲೆಮಾರಿನ ಮೊಮ್ಮಕ್ಕಳ ಹೊಲಕ್ಕೆ ನೀರು. ಹೀಗಾಗಿ ನಮಗೆ ಬೇಕಾದ 'ಮೊದಲ ನೀರು' 1980ರ ದಶಕದ ಚಿತ್ರಗಳಲ್ಲೇ ಇರಬೇಕು. ಆ ದಶಕದ ಮಾರ್ಚ್ ತಿಂಗಳು ಕೇಳಿದಾಗ ಸ್ಕ್ರಿಪ್ಟು ವರ್ಷದ ಮೇಲೆ ವರ್ಷ ಒಂದೇ ಎರರ್ ಕೊಟ್ಟಿತು. ಪಟ್ಟಿಯ ಮೊದಲನೆಯದನ್ನು ಕೊಡು ಅಂದೆ, ಪಟ್ಟಿಯೇ ಖಾಲಿ ಅಂದಿತು.

ಕೋಡಿನಲ್ಲಿ ಏನೂ ದೋಷವಿಲ್ಲ. ದೋಷ ವಾಷಿಂಗ್ಟನ್ನಿನದು. 1984ರಲ್ಲಿ ಅಮೆರಿಕ ಕಾನೂನು ಮಾಡಿ ಲ್ಯಾಂಡ್‌ಸ್ಯಾಟನ್ನು ವ್ಯಾಪಾರಕ್ಕೆ ಬಿಟ್ಟಿತು. ಮರುವರ್ಷ ಒಂದು ಖಾಸಗಿ ಕಂಪನಿ ಮಾರಾಟ ವಹಿಸಿಕೊಂಡಿತು. ಒಂದು ಚಿತ್ರದ ಬೆಲೆ 4 ಸಾವಿರ ಡಾಲರಿಗೂ ಮೇಲೆ ಹೋಯಿತು. ಗಿರಾಕಿ ಕೇಳಿದರೆ ಮಾತ್ರ ಚಿತ್ರ ತೆಗೆಯೋದು. ಸುರಪುರ ತಾಲ್ಲೂಕಿನ ಮೇಲಿಂದ ಉಪಗ್ರಹ 16 ದಿನಕ್ಕೊಮ್ಮೆ ಹಾದುಹೋಗುತ್ತಿತ್ತು, ಆದರೆ ಇಲ್ಲಿಯ ಹೊಲ ಕೇಳೋ ಗಿರಾಕಿ ಯಾರು? ಹೆಚ್ಚಿನ ಸಲ ಕಣ್ಣು ಮುಚ್ಚಿಕೊಂಡೇ ದಾಟಿತು. ಹೈದರಾಬಾದ್ ಹತ್ತಿರದ ಶಾದ್‌ನಗರದಲ್ಲಿ 1979ರಿಂದ ನಮ್ಮದೇ ಗ್ರಾಹಕ ಕೇಂದ್ರ ಲ್ಯಾಂಡ್‌ಸ್ಯಾಟ್ ಸಂಕೇತ ಹಿಡಿಯುತ್ತಿತ್ತು, ನಿಜ. ಆದರೆ ನನ್ನ ಸ್ಕ್ರಿಪ್ಟಿಗೆ ಸಿಗುವ ಸಂಗ್ರಹದಲ್ಲಿ ನಮಗೆ ಬೇಕಾದ ಮಾರ್ಚುಗಳಿರಲಿಲ್ಲ. ನಮ್ಮದೇ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ, ಉಡುಪಿ ಕಡೆಯ ಯು.ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗ, ಸೋವಿಯತ್ ಒಕ್ಕೂಟದ ಬೈಕನೂರಿನಿಂದ ಹಾರಿದ್ದು 1988ರ ಮಾರ್ಚ್ 17ಕ್ಕೆ.

ಹಿಂದಿನ ದಶಕದ, ಬರಗಾಲದ ಕಾಲದ ಚಿತ್ರಗಳು ಒಂದೆರಡು ಸಿಕ್ಕವು. ಅವುಗಳನ್ನು ಹೊಸ ಚಿತ್ರದ ಜೊತೆ ಜೋಡಿಸಲು ಹೋದರೆ ಆಕಾರ ಹೊಂದುತ್ತಿಲ್ಲ ಅಂತ ಕೆಂಪು ಸಾಲು. ಮೊದಲ ಮೂರು ಲ್ಯಾಂಡ್‌ಸ್ಯಾಟ್ 18 ದಿನಕ್ಕೊಮ್ಮೆ ಸುತ್ತುತ್ತಿದ್ದವು, ನಾಲ್ಕನೆಯದರಿಂದ ಈಚೆಗೆ 16 ದಿನ. ಹಂಗಾಗಿ ಭೂಮಿಯನ್ನು ಚೌಕ ಮಾಡಿದ ಕ್ರಮವೇ ಬೇರೆ, ಚೌಕದ ನಂಬರೂ ಬೇರೆ, ಪಿಕ್ಸೆಲ್ ಅಗಲವೂ ಬೇರೆ. ಹಳೆಯದನ್ನು ಹೊಸ ಚೌಕಕ್ಕೆ ಹೊಂದಿಸಿ ಮರುಹೆಣೆದ ಮೇಲೆ 1970ರ ದಶಕದ ಮಾರ್ಚ್ ಪರದೆ ಮೇಲೆ ಬಂತು. ಕಪ್ಪು. ಭೀಮಾ, ಕೃಷ್ಣಾ ನದಿಗಳ ಗುಂಟ ತೆಳುವಾದ ಎರಡು ಎಳೆ, ಅಲ್ಲೊಂದು ಇಲ್ಲೊಂದು ಕೆರೆ. ಕಾಲುವೆಯ ಗೆರೆಯೇ ಇಲ್ಲ. ಕಾಕಾ ಬಹಳ ಹೊತ್ತು ನೋಡಿ, "ಹೌದು, ಹಿಂಗೇ ಇತ್ತು" ಅಂದ. ಅದರ ಪಕ್ಕದಲ್ಲಿ ಈಚಿನ ವರ್ಷದ ಮಾರ್ಚ್ ಇಟ್ಟರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಹಸಿರು ಢಾಳಾಗಿದೆ. ಈ ಯೋಜನೆ ರೂಪಿಸಿದ್ದು ಹಗುರ ನೀರಾವರಿಯ ಬೆಳೆಗೆ. ಭತ್ತಕ್ಕೆ ಅಂತ ಅಲ್ಲ. ಮೇಲೆ ಎಷ್ಟು ಹಸಿರೋ ಕೆಳಗೆ ಅಷ್ಟು ಕಪ್ಪು. ಇದನ್ನು ನೋಡೋಕೆ ಸೂಚ್ಯಂಕವೂ ಬೇಕಿಲ್ಲ.

ನಡುವಿನ ಖಾಲಿ ವರ್ಷಗಳನ್ನು ಏನು ಮಾಡೋದು? ಹಿಂದಿನ ವರ್ಷ, ಮುಂದಿನ ವರ್ಷ ನೋಡಿ ನಡುವಿನದನ್ನು ಅಂದಾಜು ತುಂಬುವ ಸೂತ್ರಗಳಿವೆ, ಒಂದೇ ಸಾಲಿನ ಕೆಲಸ. ಗ್ರಾಫು ಚೆಂದ ಕಾಣುತ್ತದೆ. ಅರ್ಜಿಯಲ್ಲಿ ಅದು ಬೇಡ, ಖಾಲಿ ಇದ್ದದ್ದು ಖಾಲಿಯಾಗಿಯೇ ಕಾಣಲಿ ಅಂದೆ. ಹಿರಿಯರು ಒಪ್ಪಿದರು. ಬದಲಿಗೆ ತಾಲ್ಲೂಕಿಗೆ ಹೋಗಿ ಹಳೆಯ ಕೈಬರಹದ ಪಹಣಿಗಳ ನಕಲು ತಂದರು. ಕಂಪ್ಯೂಟರ್ ಪಹಣಿ ಬರುವ ಮುಂಚಿನವು, ಅಂಚು ಹರಿದವು. ಅದರಲ್ಲಿ ಬೆಳೆಯ ಕಾಲಂ ಇದೆ, ನೀರಿನ ಮೂಲದ ಕಾಲಂ ಇದೆ. ಕಾಕಾನ ಸರ್ವೆ ನಂಬರಿಗೆ ವರ್ಷ ವರ್ಷವೂ ಜೋಳ, ತೊಗರಿ, ಮಳೆಯಾಶ್ರಿತ ಅಂತ ಬರೆಯುತ್ತಾ ಬಂದು ಒಂದು ವರ್ಷ ಮೊದಲ ಸಲ 'ಕಾಲುವೆ' ಅಂತ ಬಂದಿದೆ. ಕಾಕಾ ಯಾವಾಗಲೂ ಹೇಳುತ್ತಿದ್ದ ವರ್ಷಕ್ಕಿಂತ ಅದು ಎರಡು ವರ್ಷ ತಡ.

ಅರ್ಜಿಗೆ ಪಹಣಿಯ ವರ್ಷವನ್ನೇ ಹಾಕಿದ್ದಾಗಿದೆ. ಕಾಕಾ ಸಹಿ ಮಾಡಿದ, ಆದರೆ ಒಪ್ಪಿಲ್ಲ. "ನೀರು ಬಂದಿದ್ದು ನಿಮ್ಮ ದೊಡ್ಡಕ್ಕ ಹುಟ್ಟಿದ ವರ್ಷ. ತಲಾಟಿ ಹೊಲಕ್ಕ ಬಂದಿದ್ದು ಆಕೀ ನಡೀಲಿಕ್ಕ ಕಲ್ತ ಮ್ಯಾಲ" ಅಂತಾನೆ.